ಯಾಕುಶಿಮಾ ದ್ವೀಪದ ಮಳೆಗಾಲ: ಕಾಡು ಬಿಟ್ಟು ಬೂಟು, ಕೊಡೆ, ಜಾಡಿಗಳ ಫೋಟೋ ತೆಗೆದೆ. ನೀವೇನಂತೀರಿ?

ಫುಕುಓಕಾ ಹನಿ · ಜೂನ್ 29, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಕೆಲಸದ ಮೇಲೆ ಜಪಾನಿನ ಫುಕುಓಕಾಗೆ ಬಂದು ನಾಲ್ಕು ವರ್ಷ ಆಯಿತು. ಈ ತಿಂಗಳು ಒಂದು ವಾರ ರಜೆ ಹಾಕಿ ಯಾಕುಶಿಮಾ ದ್ವೀಪಕ್ಕೆ ಹೋಗಿ ಬಂದೆ. ಕಾಗೊಶಿಮಾ ಬಂದರಿನಿಂದ ದೊಡ್ಡ ಹಡಗಿನಲ್ಲಿ ಸುಮಾರು ನಾಲ್ಕು ಗಂಟೆ. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾಗ. ಸಾವಿರಾರು ವರ್ಷದ ಸುಗಿ ಮರಗಳು (ದೇವದಾರಿನ ಹಾಗೆ ಕಾಣುವ ಜಪಾನಿನ ಮರ), ಪಾಚಿ ಹೊದ್ದ ಕಲ್ಲುಗಳು. ಎಲ್ಲರೂ ಅದನ್ನು ನೋಡಲಿಕ್ಕೇ ಹೋಗುತ್ತಾರೆ. ನಾನೂ ಹಾಗೇ ಹೋದವಳು.

ಆದರೆ ಜೂನ್ ಅಂದರೆ ಅಲ್ಲಿ ತ್ಸುಯು, ಅಂದರೆ ಮಳೆಗಾಲ. ಈ ದ್ವೀಪದಲ್ಲಿ "ತಿಂಗಳಿಗೆ 35 ದಿನ ಮಳೆ" ಅನ್ನುವ ಮಾತು ಜಪಾನಿನಲ್ಲೆಲ್ಲ ಇದೆ. ಮೂರನೇ ದಿನ ಬೆಳಿಗ್ಗೆ ಎದ್ದರೆ ಎದುರಿನ ಮನೆಯೇ ಕಾಣದಷ್ಟು ಮಳೆ. ಬೆಟ್ಟದ ದಾರಿ ಮುಚ್ಚಿದ್ದಾರೆ ಅಂತ ಸುದ್ದಿ ಬಂತು. ನಾನು ಉಳಿದಿದ್ದದ್ದು ಆಂಬೋ ಊರಿನ ಒಂದು ಮಿನ್ಶುಕುವಿನಲ್ಲಿ. ಮನೆಯವರೇ ನಡೆಸುವ ಸಣ್ಣ ವಸತಿ ಅದು. ಒಬ್ಬರು ಅಜ್ಜಿ ನೋಡಿಕೊಳ್ಳುತ್ತಾರೆ.

ಕಾಫಿ ಹಿಡಿದುಕೊಂಡು ಬಾಗಿಲ ಹತ್ತಿರ ಬಂದೆ. ಹೊಸ್ತಿಲ ಕೆಳಗೆ ಆರು ಜೊತೆ ಬೂಟು ಸಾಲಾಗಿ ಇದ್ದವು. ಹಿಂದಿನ ದಿನ ಬೆಟ್ಟ ಹತ್ತಿ ಬಂದವರದು. ಒಂದೊಂದರ ಒಳಗೂ ಹಳೇ ಪೇಪರ್ ಉಂಡೆ ಮಾಡಿ ತುರುಕಿದ್ದರು. ಬೂಟಿನ ನಾಲಿಗೆ ಹೊರಗೆ ಎಳೆದಿತ್ತು. ಲೇಸುಗಳನ್ನು ಬಿಚ್ಚಿ ಮೊಳೆಗೆ ನೇತು ಹಾಕಿದ್ದರು. ಒಂದು ಬೂಟಿನ ಬಾಯಿಂದ ಬೇಸ್‌ಬಾಲ್ ಆಟಗಾರನೊಬ್ಬನ ಅರ್ಧ ಮುಖ ಇಣುಕುತ್ತಿತ್ತು. ಪಕ್ಕದ ಬಕೆಟ್ಟಿನಲ್ಲಿ ರಾತ್ರಿ ತೆಗೆದುಹಾಕಿದ ಒದ್ದೆ ಪೇಪರ್ ಉಂಡೆಗಳು. ಅಜ್ಜಿ ಮಲಗುವ ಮುಂಚೆ ಒಂದು ಸಲ, ಬೆಳಗಿನ ಜಾವ ಒಂದು ಸಲ ಎಲ್ಲರ ಬೂಟಿನ ಪೇಪರ್ ಬದಲಾಯಿಸುತ್ತಾರಂತೆ. ಯಾರೂ ಕೇಳಿರಲಿಲ್ಲ, ಅವರಾಗಿಯೇ ಮಾಡುವುದು.

ನಾನು ಎರಡು ದಿನ ಕಾಡಿನಲ್ಲಿ ನಾನೂರು ಫೋಟೋ ತೆಗೆದಿದ್ದೆ. ಆ ಬೂಟುಗಳ ಮುಂದೆ ಕೂತಾಗ ನನಗೆ ಅನ್ನಿಸಿತು, ಮಳೆ ಅಂದರೆ ಏನು ಅಂತ ಕಾಡಿಗಿಂತ ಜಾಸ್ತಿ ಇಲ್ಲಿ ಕಾಣುತ್ತಿದೆ. ಅಲ್ಲಿಂದ ಮುಂದೆ ಉಳಿದ ದಿನಗಳೆಲ್ಲ ಬರೀ ದಿನಬಳಕೆಯ ವಸ್ತುಗಳನ್ನೇ ತೆಗೆದೆ. ಡಬ್ಬದಲ್ಲಿ ನಿಲ್ಲಿಸಿದ ಪಾರದರ್ಶಕ ಕೊಡೆಗಳು. ಒಳಗೇ ಬಟ್ಟೆ ಒಣಗಿಸುವ, ಸುತ್ತ ಕ್ಲಿಪ್ಪು ಜೋತು ಬಿದ್ದ ಚೌಕದ ಹ್ಯಾಂಗರ್. ಹಂದಿಮರಿ ಆಕಾರದ ಮಣ್ಣಿನ ಗೂಡಿನೊಳಗೆ ಹೊಗೆಯಾಡುವ ಸೊಳ್ಳೆಬತ್ತಿ. ಬಿಳೀ ಪುಟಾಣಿ ಟ್ರಕ್ಕಿನ ಹಿಂಬದಿಯಲ್ಲಿ ನಿಂತ ನೀರು.

ಎರಡು ವಿಷಯದಲ್ಲಿ ನಿಮ್ಮ ಮಾತು ಬೇಕು. ನನ್ನ ಫೋಟೋಗಳಲ್ಲಿ ಮಳೆಯೇ ಕಾಣುತ್ತಿಲ್ಲ. ಎಲ್ಲ ಬೂದು ಬೂದು, ಚಪ್ಪಟೆ. ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಫೋಟೋದಲ್ಲಿ ಸುಮ್ನೆ ಮೋಡ ಕವಿದ ದಿನದ ಹಾಗಿದೆ. ಇನ್ನೊಂದು, ಇವೆಲ್ಲ ಬೇರೆಯವರ ವಸ್ತುಗಳು. ತೆಗೆಯುವುದು ಸರಿಯಾ?

ಕಪ್ಪುಬಿಳುಪು · ಜೂನ್ 29, ರಾತ್ರಿ 10:02

ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ಬಿಳಿ ಆಕಾಶದ ಮುಂದೆ ಮಳೆ ಕಾಣುವುದಿಲ್ಲ. ಮಳೆಹನಿಯ ಹಿಂದೆ ಕಪ್ಪು ಇರಬೇಕು. ತೆರೆದ ಬಾಗಿಲ ಒಳಗಿನ ಕತ್ತಲೆ, ಮರದ ನೆರಳು, ಕಪ್ಪು ಹೆಂಚು, ಏನಾದರೂ ಸರಿ. ಬೆಳಕು ನಿಮ್ಮ ಬೆನ್ನಿನಿಂದ ಬೀಳಬಾರದು, ಎದುರಿನಿಂದ ಅಥವಾ ಪಕ್ಕದಿಂದ ಬರಬೇಕು. ಆಗ ಪ್ರತಿ ಹನಿಯ ಅಂಚೂ ಹೊಳೆಯುತ್ತದೆ.

ಶಟರ್ ಬಗ್ಗೆ: 1/60 ಸೆಕೆಂಡಿನ ಆಸುಪಾಸಿನಲ್ಲಿ ಇಟ್ಟರೆ ಮಳೆ ಗೆರೆಯಾಗಿ ಬರುತ್ತದೆ. 1/500ಕ್ಕಿಂತ ಮೇಲೆ ಹೋದರೆ ಹನಿಗಳು ಗಾಳಿಯಲ್ಲೇ ನಿಂತ ಹಾಗೆ. ವಸ್ತುಗಳಿಗೆ ನನಗೆ ಗೆರೆಯೇ ಇಷ್ಟ. ಬೂಟು ಅಲ್ಲಾಡುವುದಿಲ್ಲ, ಮಳೆ ಅಲ್ಲಾಡುತ್ತದೆ. ಆ ವ್ಯತ್ಯಾಸ ಫೋಟೋದಲ್ಲಿ ಸಿಗಬೇಕು.

ಫ್ಲ್ಯಾಶ್ ಬೇಡ. ಹತ್ತಿರದ ಹನಿಗಳೆಲ್ಲ ದೊಡ್ಡ ಬಿಳೀ ಗುಂಡುಗಳಾಗಿ ವಸ್ತುವಿನ ಮುಂದೆ ಬಂದು ಕೂರುತ್ತವೆ.

ಆದರೆ ಒಂದು ಮಾತು. ನೀವು ಹೇಳಿದ ಬೂಟಿನ ಫೋಟೋದಲ್ಲಿ ಮಳೆ ಕಾಣಲೇಬೇಕಾ? ಪೇಪರ್ ಉಂಡೆ ಇದೆಯಲ್ಲ, ಅದು ಸಾಕು.

ಸ್ಟುಡಿಯೋ ಮಾವ · ಜೂನ್ 30, ಬೆಳಿಗ್ಗೆ 6:15

ಮಗಳೇ, ಫೋಟೋ ಮಾತು ಆಮೇಲೆ. ಮೊದಲು ಲೆನ್ಸು ನೋಡಿಕೋ. ಮಲೆನಾಡಿನಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು ಹೇಳುತ್ತಿದ್ದೇನೆ. ಬೂಷ್ಟು ಚಪ್ಪಲಿಗೆ ಮಾತ್ರ ಹಿಡಿಯುವುದಲ್ಲ. ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಸಣ್ಣ ಎಳೆ ಬಿಡುತ್ತದೆ. ಒಮ್ಮೆ ಗಾಜಿನ ಮೇಲಿನ ಲೇಪನ ತಿಂದುಬಿಟ್ಟರೆ ಮತ್ತೆ ಸರಿ ಮಾಡಲಿಕ್ಕೆ ಆಗುವುದಿಲ್ಲ. ನನ್ನ ಎರಡು ಒಳ್ಳೆಯ ಲೆನ್ಸು ಹೀಗೇ ಹೋದವು. ಆಗ ನಮಗೆ ಗೊತ್ತಿದ್ದ ಉಪಾಯ ಒಂದೇ. ಬೀರುವಿನ ಒಳಗೆ ಸಣ್ಣ ಬಲ್ಬು ಹಾಕಿ ಹಗಲೂ ರಾತ್ರಿ ಉರಿಸುವುದು. ಕರೆಂಟ್ ಹೋದರೆ ಅದೂ ಇಲ್ಲ.

ಗಾಳಿಯ ತೇವ ಶೇಕಡಾ 60ಕ್ಕಿಂತ ಮೇಲೆ ಹೋದರೆ ಬೂಷ್ಟಿಗೆ ಹಬ್ಬ. 40ರಿಂದ 50ರ ಒಳಗೆ ಇಟ್ಟುಕೋ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಅಷ್ಟು ಸಾಕು. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡ. ಚರ್ಮಕ್ಕೇ ಮೊದಲು ಬೂಷ್ಟು.

ಅಲ್ಲಿ ಕೋಣೆಯಲ್ಲಿ ಎಸಿ ಇತ್ತಾ? ಇದ್ದರೆ ಹೊರಗೆ ಹೋದ ಕೂಡಲೇ ಲೆನ್ಸು ಮಂಜಾಗಿರುತ್ತದೆ. ನಿನ್ನ ಚಪ್ಪಟೆ ಫೋಟೋಗೆ ಅದೂ ಒಂದು ಕಾರಣ ಇರಬಹುದು.

ಫುಕುಓಕಾ ಹನಿ · ಜೂನ್ 30, ಮಧ್ಯಾಹ್ನ 12:40

ಮಾವ, ಸರಿಯಾಗಿ ಹಿಡಿದಿರಿ. ಕೋಣೆಯಲ್ಲಿ ಎಸಿ ಇತ್ತು. ಬೆಳಿಗ್ಗೆ ತೆಗೆದ ಫೋಟೋಗಳೇ ಜಾಸ್ತಿ ಮಬ್ಬು. ಮಧ್ಯಾಹ್ನದ್ದು ಪರವಾಗಿಲ್ಲ. ನಾನು ಬೆಳಕಿನದೇ ತಪ್ಪು ಅಂದುಕೊಂಡಿದ್ದೆ.

ಕಪ್ಪುಬಿಳುಪು ಅವರೇ, ಬೂಟಿನ ಮಾತು ಒಪ್ಪಿದೆ. ಆದರೆ ಊರ ಹೊರಗಿನ ಒಂದು ತರಕಾರಿ ಗೂಡಿನ ಫೋಟೋದಲ್ಲಿ ಮಳೆ ಬೇಕೇ ಬೇಕು. ಯಾರೂ ಕೂರದ ಅಂಗಡಿ ಅದು. ರಸ್ತೆ ಪಕ್ಕ ಹಲಗೆ ಬಡಿದು ತಗಡು ಹೊದಿಸಿದ್ದಾರೆ. ಚೀಲದಲ್ಲಿ ಕಟ್ಟಿದ ಸೌತೆಕಾಯಿ, ಪ್ಯಾಶನ್ ಹಣ್ಣು. ಒಂದೊಂದಕ್ಕೆ 100 ಯೆನ್. ಬೇಕಾದವರು ತೆಗೆದುಕೊಂಡು ತಗಡಿನ ಡಬ್ಬಕ್ಕೆ ಕಾಸು ಹಾಕಿ ಹೋಗುವುದು. ಮಳೆ ಒಳಗೆ ಹೋಗದ ಹಾಗೆ ಡಬ್ಬವನ್ನು ಒಂದು ಕಡೆಗೆ ವಾಲಿಸಿ ಕೆಳಗೆ ಕಲ್ಲು ಕೊಟ್ಟಿದ್ದಾರೆ. ಬೆಲೆ ಬರೆದ ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಬದಿಗೆ ಟೇಪು. ಆ ಪ್ಲಾಸ್ಟಿಕ್ಕಿನ ಮೇಲೆ ಹನಿ ನಿಂತು "100" ದೊಡ್ಡದಾಗಿ, ಸೊಟ್ಟದಾಗಿ ಕಾಣುತ್ತಿತ್ತು. ಆದರೆ ಫೋಟೋದಲ್ಲಿ ಹಿಂದಿನ ಬಿಳಿ ಆಕಾಶ ಎಲ್ಲ ನುಂಗಿಬಿಟ್ಟಿದೆ. ನೀವು ಹೇಳಿದ ಹಾಗೆ ಕೆಳಗೆ ಕೂತು ಗೂಡಿನ ಒಳಗಿನ ಕತ್ತಲೆಯನ್ನು ಹಿಂದೆ ಇಟ್ಟುಕೊಳ್ಳಬೇಕಿತ್ತು.

ಕೋಬೆ ಅಮ್ಮ · ಜೂನ್ 30, ಸಂಜೆ 5:25

ಹನಿ, ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ. ನಾನು ಇಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ನನ್ನ ಅನುಭವ ಹೇಳುತ್ತೇನೆ.

ರಸ್ತೆಗೆ ಕಾಣುವ ವಸ್ತು ಅಂತ ಎಲ್ಲವನ್ನೂ ತೆಗೆಯಬಾರದು. ಒಣಗಿಸಿದ ಬಟ್ಟೆಯ ಹತ್ತಿರ ಕ್ಯಾಮೆರಾ ತಗೊಂಡು ಹೋಗಲೇಬೇಡಿ. ಹೆಂಗಸಾದರೂ ಸರಿ, ಮನೆಯವರಿಗೆ ಭಯವಾಗುತ್ತದೆ. ಬಾಗಿಲ ಮುಂದಿನ ಹೆಸರಿನ ಫಲಕ, ಮಕ್ಕಳ ಹೆಸರು ಬರೆದ ಕೊಡೆ, ಗಾಡಿ ನಂಬರು, ಇವು ಫ್ರೇಮಿನಲ್ಲಿ ಬರಬಾರದು. ಮನೆಯವರು ಕಂಡರೆ "ಶಾಶಿನ್ ತೊತ್ತೆಮೊ ಈದೆಸ್ಕಾ" ಅಂತ ಕೇಳಿ. ಫೋಟೋ ತೆಗೆಯಬಹುದಾ ಅಂತ. ಮುಖ ಬಿಟ್ಟು ಬೂಟಿನ ಫೋಟೋ ಕೇಳಿದರೆ ಅವರಿಗೆ ಮೊದಲು ಆಶ್ಚರ್ಯ, ಆಮೇಲೆ ಖುಷಿ. ನನಗೆ ಒಬ್ಬರು ಒಳಗಿಂದ ಇನ್ನೂ ಹಳೇ ಬೂಟು ತಂದು ತೋರಿಸಿದ್ದರು.

ತ್ಸುಯು ಅನ್ನುವ ಪದವನ್ನು ಬರೆಯುವುದು ಪ್ಲಮ್ ಹಣ್ಣು, ಮಳೆ ಅನ್ನುವ ಎರಡು ಅಕ್ಷರ ಸೇರಿಸಿ. ಉಮೆ, ಅಂದರೆ ಜಪಾನಿನ ಪ್ಲಮ್ ಕಾಯಿ, ಹಣ್ಣಾಗುವ ಹೊತ್ತಿನ ಮಳೆ. ಅದನ್ನೇ ಬೈಉ ಅಂತಲೂ ಓದುತ್ತಾರೆ. ಅದೇ ಉಚ್ಚಾರದಲ್ಲಿ ಬೂಷ್ಟಿನ ಅಕ್ಷರ ಹಾಕಿ ಬರೆಯುವುದೂ ಉಂಟು. ಹಣ್ಣಿನ ಮಳೆ, ಬೂಷ್ಟಿನ ಮಳೆ. ಎರಡೂ ನಿಜ. ನೀವು ಈ ಹೊತ್ತಿನ ವಸ್ತುಗಳನ್ನು ತೆಗೆಯುವುದಾದರೆ ಈ ಎರಡೂ ಅದರಲ್ಲಿ ಬರಬೇಕು.

ಬೂಷ್ಟಿನ ಕಡೆಯದು ಒಂದು ವಸ್ತು ಹೇಳುತ್ತೇನೆ. ಇಲ್ಲಿ ಪ್ರತಿ ಮನೆಯ ಹಾಸಿಗೆ ಬೀರುವಿನಲ್ಲಿ ತೇವ ಹೀರುವ ಬಿಳೀ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಮೇಲೆ ಕ್ಯಾಲ್ಸಿಯಂ ಕ್ಲೋರೈಡಿನ ಹರಳು. ಅದು ಗಾಳಿಯ ನೀರು ಕುಡಿದು ಕರಗಿ ಕೆಳಗೆ ನೀರಾಗಿ ನಿಲ್ಲುತ್ತದೆ. ಜೂನ್ ಮೊದಲ ವಾರ ಇಟ್ಟದ್ದು ತಿಂಗಳ ಕೊನೆಗೆ ತುಂಬಿರುತ್ತದೆ. ಮನೆಯೊಳಗೆ ಎಷ್ಟು ಮಳೆ ಬಂತು ಅನ್ನುವ ಲೆಕ್ಕ ಅದು. ನಾನು ಪ್ರತಿ ವರ್ಷ ಅದರ ಒಂದು ಫೋಟೋ ತೆಗೆದು ಇಟ್ಟಿದ್ದೇನೆ. ಆದರೆ ಅದನ್ನು ಕ್ಯಾಮೆರಾ ಡಬ್ಬದೊಳಗೆ ಮಾತ್ರ ಇಡಬೇಡಿ. ಚೆಲ್ಲಿದರೆ ಆ ನೀರು ಲೋಹವನ್ನೂ ಚರ್ಮವನ್ನೂ ಹಾಳು ಮಾಡುತ್ತದೆ. ಕ್ಯಾಮೆರಾಗೆ ಮಾವ ಹೇಳಿದ ಸಿಲಿಕಾ ಜೆಲ್ಲೇ ಸರಿ.

ಹಾದಿಹೋಕ · ಜೂನ್ 30, ರಾತ್ರಿ 8:50

ಹನಿ ಅವರೇ, ನಾನೂ ಎರಡು ಸಲ ಯಾಕುಶಿಮಾಗೆ ಹೋಗಿದ್ದೇನೆ. ಅಲ್ಲಿ ಯಾಕೆ ಅಷ್ಟು ಮಳೆ ಅಂತ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ದ್ವೀಪ ಚಿಕ್ಕದು, ಸುಮಾರು 500 ಚದರ ಕಿಲೋಮೀಟರ್. ನಡುವೆ ಮಿಯಾನೌರಾ ಬೆಟ್ಟ 1,936 ಮೀಟರ್ ಎತ್ತರ. ಇಡೀ ಕ್ಯೂಶು ಸೀಮೆಯಲ್ಲೇ ಎತ್ತರದ ಶಿಖರ. ಬಿಸಿ ಕಡಲ ಮೇಲಿನ ತೇವದ ಗಾಳಿ ಬಂದು ನೇರ ಅದಕ್ಕೆ ಬಡಿಯುತ್ತದೆ. ನಮ್ಮ ಘಟ್ಟದ್ದೇ ಕಥೆ. ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ದಾಟುತ್ತದೆ. ಬೆಟ್ಟದ ಮೇಲೆ 8,000ದಿಂದ 10,000.

ನೀವು ತೆಗೆದದ್ದರಲ್ಲಿ ವೆಂಡಿಂಗ್ ಮೆಷಿನ್ ಇದೆಯಾ? ಇಲ್ಲದಿದ್ದರೆ ಮುಂದಿನ ಸಲ ತೆಗೆಯಿರಿ. ದ್ವೀಪದ ಕರೆಂಟ್ ಹೆಚ್ಚುಕಡಿಮೆ ಎಲ್ಲವೂ ಜಲವಿದ್ಯುತ್. ಸಂಜೆ ಮಳೆಯಲ್ಲಿ ಖಾಲಿ ರಸ್ತೆ, ಒಂದೇ ಒಂದು ತಂಪು ಪಾನೀಯದ ಮೆಷಿನ್ ಉರಿಯುತ್ತಿರುತ್ತದೆ. ಅದರ ಬೆಳಕು ಒದ್ದೆ ಟಾರಿನ ಮೇಲೆ ಬಿದ್ದಿರುತ್ತದೆ. ಆ ಬೆಳಕು ಹುಟ್ಟಿದ್ದೂ ಬೆಟ್ಟಕ್ಕೆ ಸುರಿದ ಅದೇ ಮಳೆಯಿಂದ.

ಒಂದು ಎಚ್ಚರಿಕೆ. ದ್ವೀಪದ ವಾಯವ್ಯಕ್ಕೆ ನಾಗಾತ ಅಂತ ಊರಿದೆ. ಅಲ್ಲಿನ ಮರಳಿಗೆ ಲಾಗರ್‌ಹೆಡ್ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಉತ್ತರ ಪೆಸಿಫಿಕ್‌ನಲ್ಲಿ ಇಷ್ಟು ಆಮೆ ಬರುವ ತೀರಗಳು ಕಡಿಮೆ. 2005ರಲ್ಲಿ ಅದು ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಆಮೆಗಳ ಕಾಲವೂ ಮೇಯಿಂದ ಜುಲೈ, ನಿಮ್ಮ ಮಳೆಗಾಲವೇ. ರಾತ್ರಿ ಆ ಕಡೆ ಟಾರ್ಚು, ಫ್ಲ್ಯಾಶು, ಮೊಬೈಲ್ ಬೆಳಕು ಯಾವುದೂ ಬೇಡ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆ ಇಡದೆ ವಾಪಸ್ ಹೋಗುತ್ತದೆ. ಕ್ಯಾಮೆರಾ ಕೋಣೆಯಲ್ಲೇ ಬಿಟ್ಟು ಹೋಗಿ.

ಇನ್ನೊಂದು ಪ್ರಶ್ನೆ ನನ್ನದು. ನೀವು ವಸ್ತುಗಳನ್ನು ಇದ್ದ ಹಾಗೇ ತೆಗೆದಿರಾ, ಸ್ವಲ್ಪ ಸರಿಸಿದಿರಾ? ನಾನು ಒಂದು ಕೆಂಪು ಕೊಡೆಯನ್ನು ಎರಡು ಅಡಿ ಸರಿಸಿ ನೀಲಿ ಗೋಡೆಗೆ ಒರಗಿಸಿ ತೆಗೆದೆ. ತುಂಬ ಚೆನ್ನಾಗಿ ಬಂತು.

ಕಪ್ಪುಬಿಳುಪು · ಜೂನ್ 30, ರಾತ್ರಿ 9:15

ಇದು ನಾನು ಒಪ್ಪದ ಮಾತು. ಕೊಡೆ ಎಲ್ಲಿತ್ತು ಅನ್ನುವುದೇ ಅರ್ಧ ಫೋಟೋ. ಯಾರೋ ಅವಸರದಲ್ಲಿ ಒಳಗೆ ಹೋಗುವಾಗ ಅಲ್ಲಿ ಇಟ್ಟಿದ್ದಾರೆ. ಎರಡು ಅಡಿ ಸರಿಸಿದರೆ ಅದು ಅವರ ಕೊಡೆ ಅಲ್ಲ, ನಿಮ್ಮ ಕೊಡೆ.

ಹಾದಿಹೋಕ · ಜೂನ್ 30, ರಾತ್ರಿ 9:31

ಹಾಗಾದರೆ ನಾನು ನಿಲ್ಲುವ ಜಾಗ ಬದಲಾಯಿಸಿದರೂ ಫೋಟೋ ಬದಲಾಗುತ್ತದಲ್ವಾ? ಫ್ರೇಮಿನಿಂದ ಕಸದ ಬುಟ್ಟಿ ಹೊರಗೆ ಬಿಡುವುದೂ ಒಂದು ರೀತಿ ಸರಿಸಿದ ಹಾಗೇ. ಎಲ್ಲಿ ಗೆರೆ ಎಳೆಯುತ್ತೀರಿ?

ಕಪ್ಪುಬಿಳುಪು · ಜೂನ್ 30, ರಾತ್ರಿ 9:58

ಗೆರೆ ಇಲ್ಲೇ ಇದೆ: ನಾನು ಅಲ್ಲಾಡಬಹುದು, ವಸ್ತು ಅಲ್ಲಾಡಬಾರದು. ವಸ್ತುವನ್ನು ತಂದು ಒಂದೇ ಬಣ್ಣದ ಹಿನ್ನೆಲೆಯ ಮುಂದೆ ಇಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಜಪಾನಿನ ಫೋಟೋಗ್ರಾಫರ್ ಶೋಮೇ ತೋಮತ್ಸು 1961ರಲ್ಲಿ ನಾಗಸಾಕಿಯಲ್ಲಿ ತೆಗೆದ ಕೈಗಡಿಯಾರ ಇದೆ. 1945ರಲ್ಲಿ ಅಣುಬಾಂಬು ಬಿದ್ದ ಗಳಿಗೆ 11:02ಕ್ಕೆ ನಿಂತದ್ದು. ಗಡಿಯಾರ ಬಿಟ್ಟರೆ ಆ ಚಿತ್ರದಲ್ಲಿ ಬೇರೇನೂ ಇಲ್ಲ. ಬೇಕಾಗಿಯೂ ಇಲ್ಲ. ಅದು ಸಾಕ್ಷಿ, ಅಷ್ಟೇ. ಆದರೆ ಬಳಕೆಯಲ್ಲಿರುವ ವಸ್ತು ಬೇರೆ. ನಾಳೆ ಬೆಳಿಗ್ಗೆ ಯಾರೋ ಬಂದು ಆ ಕೊಡೆಗೆ ಕೈ ಹಾಕುತ್ತಾರೆ. ಅವರ ಕೈ ಎಲ್ಲಿಗೆ ಬರುತ್ತದೋ ಅಲ್ಲೇ ಅದು ಇರಬೇಕು.

ಸ್ಟುಡಿಯೋ ಮಾವ · ಜುಲೈ 1, ಬೆಳಿಗ್ಗೆ 6:05

ಇಬ್ಬರ ಮಾತೂ ಓದಿದೆ. ನಾನು ಜೀವನ ಪೂರ್ತಿ ಸರಿಸಿದವನೇ. ಸ್ಟುಡಿಯೋ ಅಂದರೆ ಅದೇ ಕೆಲಸ. ಗದ್ದ ಎತ್ತು, ಕೈ ಇಲ್ಲಿ ಇಡು, ಹೂವಿನ ಕುಂಡ ಸ್ವಲ್ಪ ಈ ಕಡೆ.

ಆದರೂ ಒಂದು ಸಂಗತಿ ಹೇಳಬೇಕು. ನಮ್ಮ ಮನೆಯಲ್ಲಿ ಅಪ್ಪನ ಕಂಬಳಿ ಮಳೆಗಾಲ ಪೂರ್ತಿ ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಒಣಗುತ್ತಿತ್ತು. ಗದ್ದೆಗೆ ಹೋಗುವಾಗ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದದ್ದು. ಬಂದು ಹಿಂಡಿ ಮತ್ತೆ ಅಲ್ಲಿಗೇ. ಅಪ್ಪ ತೀರಿಕೊಂಡ ವರ್ಷ ಅದರ ಫೋಟೋ ತೆಗೆಯೋಣ ಅನ್ನಿಸಿತು. ಬಚ್ಚಲು ಕತ್ತಲೆ. ಕಂಬಳಿ ತಂದು ಜಗಲಿಯಲ್ಲಿ ಕಿಟಕಿ ಪಕ್ಕ ಹಾಕಿದೆ. ಒಂದೊಂದು ಎಳೆ ಎಣಿಸುವ ಹಾಗೆ ಬೆಳಕು. ಪ್ರಿಂಟ್ ಹಾಕಿ ಅಮ್ಮನಿಗೆ ಕೊಟ್ಟೆ. ಅಮ್ಮ ಬಹಳ ಹೊತ್ತು ನೋಡಿದಳು. "ಯಾರದ್ದೋ ಇದು, ಚೆನ್ನಾಗಿದೆ" ಅಂದಳು.

ಮತ್ತೆ ಬಚ್ಚಲಿಗೇ ಹೋಗಿ ತೆಗೆದೆ. ಹೊಗೆ, ಮಸಿ, ಅರ್ಧ ಕಂಬಳಿ ಕತ್ತಲೆಯಲ್ಲಿ. ಅದು ಈಗಲೂ ಅಮ್ಮನ ದೇವರ ಮನೆಯಲ್ಲಿದೆ.

ಕೋಬೆ ಅಮ್ಮ · ಜುಲೈ 1, ಬೆಳಿಗ್ಗೆ 9:40

ಮಾವ, ಬೆಳಿಗ್ಗೆ ಬೆಳಿಗ್ಗೆ ಕಣ್ಣು ಒದ್ದೆ ಮಾಡಿದಿರಿ.

ಜಪಾನಿನಲ್ಲಿ ಈ ಯೋಚನೆಗೆ ದೊಡ್ಡ ಹಿನ್ನೆಲೆಯೇ ಇದೆ. ಚಿಂತಕ ಯಾನಾಗಿ ಸೋಎತ್ಸು ಮತ್ತು ಅವರ ಗೆಳೆಯರು 1925ರಲ್ಲಿ ಮಿಂಗೇ ಅನ್ನುವ ಪದ ಹುಟ್ಟುಹಾಕಿದರು. ಜನಸಾಮಾನ್ಯರ ಕುಶಲ ಕೆಲಸ ಅಂತ ಅರ್ಥ. ಹೆಸರಿಲ್ಲದವರು ಮಾಡಿದ, ದಿನಾ ಬಳಸುವ ಬಟ್ಟಲು, ಬುಟ್ಟಿ, ಬಟ್ಟೆ. ಅವುಗಳಿಗಾಗಿಯೇ 1936ರಲ್ಲಿ ಟೋಕಿಯೋದಲ್ಲಿ ಒಂದು ವಸ್ತು ಸಂಗ್ರಹಾಲಯ ತೆರೆದರು, ನಿಹೋನ್ ಮಿಂಗೇಕಾನ್. ನಾನು ಮೂರು ಸಲ ಹೋಗಿದ್ದೇನೆ. ಹನಿ, ನೀವು ತೆಗೆದ ಪ್ಲಾಸ್ಟಿಕ್ ಕೊಡೆ ಅಲ್ಲಿಗೆ ಸೇರುವುದಿಲ್ಲ. ಅದು ಕಾರ್ಖಾನೆಯದು. ಆದರೆ ಅದರ ಹಿಡಿಕೆಗೆ ಗುರುತಿಗೆ ಅಂತ ಯಾರೋ ಬಣ್ಣದ ಟೇಪು ಸುತ್ತಿರುತ್ತಾರಲ್ಲ, ಆ ಟೇಪು ಕೈಕೆಲಸವೇ ಅಂತ ನನ್ನ ಭಾವನೆ.

ಯಾಕುಶಿಮಾದ್ದೇ ಒಂದು ವಸ್ತು ಬೇಕೆಂದರೆ ಹಿರಾಗಿ ಹುಡುಕಿ. ಸುಗಿ ಮರವನ್ನು ತೆಳ್ಳಗೆ ಸೀಳಿದ ಹಲಗೆ. ಹೆಂಚಿನ ಬದಲು ಮಾಡಿಗೆ ಹೊದಿಸುತ್ತಿದ್ದರು. ಅಲ್ಲಿನ ಮರ ನಿಧಾನವಾಗಿ ಬೆಳೆದು ಅಂಟು ಜಾಸ್ತಿ ತುಂಬಿಕೊಂಡಿರುತ್ತದೆ. ಅಷ್ಟು ಮಳೆಯಲ್ಲೂ ಬೇಗ ಕೊಳೆಯುವುದಿಲ್ಲ. ಹಿಂದೆ ದ್ವೀಪವನ್ನು ಆಳುತ್ತಿದ್ದ ಸಾತ್ಸುಮಾ ಅರಸರ ಕಾಲದಲ್ಲಿ ದ್ವೀಪದವರು ಅಕ್ಕಿಯ ಬದಲು ಈ ಹಲಗೆಯನ್ನೇ ಕಂದಾಯವಾಗಿ ಕೊಡುತ್ತಿದ್ದರು.

ಫುಕುಓಕಾ ಹನಿ · ಜುಲೈ 1, ರಾತ್ರಿ 10:20

ಸರಿಸುವ ಮಾತು ಬಂದದ್ದು ಒಳ್ಳೆಯದಾಯಿತು. ನಾನೂ ಸರಿಸಿದ್ದೆ. ಅದನ್ನು ಮೊದಲೇ ಬರೆಯಬೇಕಿತ್ತು.

ಬೂಟುಗಳ ಸಾಲಿನಲ್ಲಿ ಎರಡನೆಯದು ಕಡುಗೆಂಪು ಬಣ್ಣದ್ದು. ಅದು ಮೂಲೆಯ ನೆರಳಿನಲ್ಲಿತ್ತು. ಅದನ್ನು ಎತ್ತಿ ಬೆಳಕಿರುವ ತುದಿಗೆ ಇಟ್ಟು ತೆಗೆದೆ. ಅಷ್ಟರಲ್ಲಿ ಅಜ್ಜಿ ಒಳಗಿಂದ ಬಂದರು. ಏನೂ ಹೇಳಲಿಲ್ಲ. ಬಾಗಿ ಆ ಜೊತೆಯನ್ನು ತೆಗೆದು ಮತ್ತೆ ಎರಡನೇ ಜಾಗದಲ್ಲೇ ಇಟ್ಟರು. ಮೂತಿ ಬಾಗಿಲ ಕಡೆಗೆ ಬರುವ ಹಾಗೆ ತಿರುಗಿಸಿದರು. ಆಮೇಲೆ ನನಗೆ ಹೊಳೆಯಿತು. ಆ ಸಾಲು ಕೋಣೆಗಳ ಸಾಲು. ಮೊದಲ ಕೋಣೆಯವರ ಬೂಟು ಮೊದಲು, ಎರಡನೆಯವರದು ಎರಡನೆಯದು. ಬೆಳಗಿನ ಜಾವ ನಾಲ್ಕು ಗಂಟೆಗೆ ಬೆಟ್ಟಕ್ಕೆ ಹೊರಡುವವರು ಕತ್ತಲೆಯಲ್ಲೇ ಕಾಲು ಹಾಕಿದರೂ ಅವರ ಬೂಟು ಅವರಿಗೇ ಸಿಗಬೇಕು. ನಾನು ನೆರಳು ಅಂದುಕೊಂಡದ್ದು ಅವರಿಗೆ ವಿಳಾಸ.

ನಾನು "ಸುಮಿಮಾಸೆನ್" ಅಂದೆ, ಕ್ಷಮಿಸಿ ಅಂತ. ಅಜ್ಜಿ ನಕ್ಕು ಒಳಗೆ ಕರೆದರು. ಬಾ, ಇನ್ನೊಂದು ತೋರಿಸುತ್ತೇನೆ ಅಂತ.

ಅಡುಗೆಮನೆಯ ನೆಲದ ಮೇಲೆ ಕೆಂಪು ಮುಚ್ಚಳದ ದೊಡ್ಡ ಗಾಜಿನ ಜಾಡಿಗಳು, ಮೂರು. ಒಳಗೆ ಹಸಿರು ಉಮೆ ಕಾಯಿ, ಕಲ್ಲುಸಕ್ಕರೆ, ಮದ್ಯ. ಒಂದು ಕಿಲೋ ಕಾಯಿಗೆ 1.8 ಲೀಟರ್ ಲೆಕ್ಕ. ಒಂದೊಂದು ಜಾಡಿಯ ಕುತ್ತಿಗೆಗೂ ತಾರೀಕು ಬರೆದ ಚೀಟಿ. ಈ ಜೂನಿನದು ಇನ್ನೂ ತಿಳಿ, ಸಕ್ಕರೆ ಕರಗುತ್ತಾ ತಳದಲ್ಲಿ ಎಣ್ಣೆಯ ಹಾಗೆ ಸುಳಿ ಏಳುತ್ತಿತ್ತು. ಹೋದ ವರ್ಷದ್ದು ಜೇನಿನ ಬಣ್ಣ. ಅದರ ಹಿಂದಿನದು ಕಾಫಿ ಡಿಕಾಕ್ಷನ್ ಬಣ್ಣ, ಕಾಯಿ ಸುಕ್ಕುಗಟ್ಟಿ ತಳ ಸೇರಿದ್ದವು. ಮೂರು ಮಳೆಗಾಲ ಒಂದೇ ಸಾಲಿನಲ್ಲಿ ಇದ್ದವು.

ಆ ಫೋಟೋ ಮಾತ್ರ ಚೆನ್ನಾಗಿ ಬಂದಿದೆ. ಏನನ್ನೂ ಸರಿಸಲಿಲ್ಲ.

ಮಿಡಿಮಾವು · ಜುಲೈ 2, ಮಧ್ಯಾಹ್ನ 2:10

ಫೋಟೋಗ್ರಫಿ ನನಗೆ ಗೊತ್ತಿಲ್ಲ. ಜಾಡಿ ಅಂದ ಕೂಡಲೇ ಓದಿದೆ. ನಾನು ಶಿರಸಿಯವಳು. ನಮ್ಮಲ್ಲಿ ಮಿಡಿ ಉಪ್ಪಿನಕಾಯಿ ಭರಣಿಗೆ ಒದ್ದೆ ಕೈ ತಾಗಿಸಬಾರದು. ಒಂದು ಹನಿ ನೀರು ಹೋದರೂ ಬೂಷ್ಟು. ಆ ಅಜ್ಜಿಯೂ ಹಾಗೇ ಮಾಡುತ್ತಾರಾ ಹನಿ? ಕಾಯಿ ತೊಳೆದ ಮೇಲೆ ಒರೆಸುತ್ತಾರಾ?

ಫುಕುಓಕಾ ಹನಿ · ಜುಲೈ 2, ರಾತ್ರಿ 8:00

ಅಕ್ಕ, ಅದೇ ಮಾಡುತ್ತಿದ್ದರು! ಒಂದೊಂದೇ ಕಾಯಿ ಎತ್ತಿ ಬಟ್ಟೆಯಲ್ಲಿ ಒರೆಸುವುದು. ತೊಟ್ಟಿನ ಕುಳಿಯಲ್ಲಿ ನೀರು ನಿಲ್ಲುತ್ತದೆ ಅಂತ ಬಿದಿರು ಕಡ್ಡಿಯಿಂದ ತೊಟ್ಟಿನ ಕಪ್ಪು ಚೂರು ಎಬ್ಬಿಸಿ ತೆಗೆಯುವುದು. ಹೊರಗೆ ಸಾವಿರಾರು ಮಿಲಿಮೀಟರ್ ಮಳೆ. ಒಳಗೆ ಅವರು ಒಂದೊಂದು ಹನಿಯನ್ನೂ ಬಿಡದೆ ಒರೆಸುತ್ತಿದ್ದರು. ಆ ಕಡ್ಡಿ, ಆ ಬಟ್ಟೆಯ ಫೋಟೋ ತೆಗೆಯಲೇ ಇಲ್ಲ ನಾನು. ಈಗ ನೀವು ಕೇಳಿದಾಗ ನೆನಪಾಯಿತು.

ಉಪ್ಪು ಹಾಕಿದ ಉಮೆಯೂ ಬೇರೆ ಜಾಡಿಯಲ್ಲಿ ಇತ್ತು. ಮಳೆಗಾಲ ಮುಗಿದ ಮೇಲೆ ಮೂರು ದಿನ ಬಿಸಿಲಿಗೆ ಹಾಕುತ್ತಾರಂತೆ. ಅಲ್ಲಿಯವರೆಗೆ ಕಾಯಬೇಕು.

ಮಿಡಿಮಾವು · ಜುಲೈ 2, ರಾತ್ರಿ 8:22

ಅಯ್ಯೋ, ಆ ಬಟ್ಟೆಯ ಫೋಟೋನೇ ನನಗೆ ಬೇಕಿತ್ತು. ಮತ್ತೆ ಹೋದರೆ ತೆಗೆದು ಹಾಕಿ. ಅಜ್ಜಿಗೆ ಈ ಫೋಟೋಗಳನ್ನು ಕಳಿಸಿದ್ದೀರಾ? ಫೋನಿನಲ್ಲಿ ಅಲ್ಲ, ಕಾಗದದಲ್ಲಿ.

ಹಾದಿಹೋಕ · ಜುಲೈ 2, ರಾತ್ರಿ 9:05

ಬೂಟಿನ ಸಾಲಿನ ಕಥೆ ಓದಿದ ಮೇಲೆ ನನ್ನ ಕೆಂಪು ಕೊಡೆ ತೆಗೆದು ನೋಡಿದೆ. ಬಣ್ಣ ಈಗಲೂ ಚೆನ್ನಾಗಿದೆ. ಆದರೆ ಅದು ಯಾರ ಮನೆಯ ಮುಂದೆ ಇತ್ತು, ಗೋಡೆಗೋ ಕಂಬಕ್ಕೋ ಒರಗಿತ್ತು ಅನ್ನುವುದು ನನಗೆ ನೆನಪೇ ಇಲ್ಲ. ಕಪ್ಪುಬಿಳುಪು ಅವರೇ, ನಿಮ್ಮ ಮಾತು ಒಪ್ಪಿದೆ.

ದ್ವೀಪದ ದಕ್ಷಿಣಕ್ಕೆ ಹಿರೌಚಿ ಅಂತ ಇದೆ. ಕಡಲೊಳಗಿನ ಬಿಸಿನೀರ ಬುಗ್ಗೆ. ದಿನಕ್ಕೆ ಎರಡು ಸಲ, ನೀರು ಇಳಿದಾಗ ಮಾತ್ರ ಮೇಲೆ ಕಾಣುತ್ತದೆ. ಜನ ಅಲ್ಲೇ ಸ್ನಾನ ಮಾಡುತ್ತಾರೆ. ಹಾಗಾಗಿ ಆ ಕಡೆ ಕ್ಯಾಮೆರಾ ತಿರುಗಿಸುವ ಮಾತೇ ಇಲ್ಲ. ಆದರೆ ಸ್ನಾನದ ಜಾಗಕ್ಕೆ ಬೆನ್ನು ಹಾಕಿ ನಿಂತರೆ, ಕಲ್ಲಿನ ಮೇಲೆ ಬಿಟ್ಟುಹೋದ ನಾಲ್ಕು ಜೊತೆ ಚಪ್ಪಲಿ. ಮಳೆ ಬೀಳುತ್ತಿತ್ತು. ಒಂದೊಂದರ ಹಿಮ್ಮಡಿಯ ಗುಳಿಯಲ್ಲಿ ನೀರು ನಿಂತಿತ್ತು. ಅದನ್ನು ಇದ್ದ ಹಾಗೇ ತೆಗೆದಿದ್ದೆ. ಇಷ್ಟು ವರ್ಷ ಯಾರಿಗೂ ತೋರಿಸಿರಲಿಲ್ಲ. ನಾಳೆ ಹಾಕುತ್ತೇನೆ.

ಸ್ಟುಡಿಯೋ ಮಾವ · ಜುಲೈ 3, ಬೆಳಿಗ್ಗೆ 6:30

ಕಡಲ ಪಕ್ಕದ ಮಳೆಯಲ್ಲಿ ತೆಗೆದರೆ ಕ್ಯಾಮೆರಾ ಒಣಬಟ್ಟೆಯಲ್ಲಿ ಉಜ್ಜಬೇಡಿ. ಉಪ್ಪಿನ ಕಣ ಗೀರು ಹಾಕುತ್ತದೆ. ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಆಮೇಲೆ ಒಣಬಟ್ಟೆ. ಮಳೆಯಲ್ಲಿ ಲೆನ್ಸು ಬಿಚ್ಚಿ ಹಾಕುವ ಕೆಲಸವಂತೂ ಬೇಡವೇ ಬೇಡ. ಎಸಿ ಕೋಣೆಯಿಂದ ಹೊರಡುವಾಗ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅರ್ಧ ಗಂಟೆ ಹೊರಗಿಡಿ. ಮಂಜು ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲೆ ಅಲ್ಲ.

ಕಪ್ಪುಬಿಳುಪು · ಜುಲೈ 3, ಬೆಳಿಗ್ಗೆ 11:45

ಪೋಲರೈಸರ್ ಬಗ್ಗೆಯೂ ಹೇಳಿಬಿಡುತ್ತೇನೆ, ಲೆನ್ಸಿನ ಮುಂದೆ ಹಾಕುವ, ಹೊಳಪು ಕಡಿಮೆ ಮಾಡುವ ಫಿಲ್ಟರ್ ಅದು. ಮಳೆಗಾಲ ಅಂದರೆ ಎಲ್ಲರೂ ಅದನ್ನು ಹಾಕಿ ಅನ್ನುತ್ತಾರೆ. ಕಾಡಿನಲ್ಲಿ ಸರಿ. ಎಲೆಯ ಮೇಲಿನ ಬಿಳೀ ಹೊಳಪು ಹೋಗಿ ಹಸಿರು ಬರುತ್ತದೆ. ವಸ್ತುಗಳಿಗೆ ಬೇಡ. ಒದ್ದೆ ಅಂತ ಕಣ್ಣಿಗೆ ಗೊತ್ತಾಗುವುದೇ ಆ ಹೊಳಪಿನಿಂದ. ಅದನ್ನು ತೆಗೆದರೆ ಒದ್ದೆ ಬೂಟು ಒಣ ಬೂಟಾಗುತ್ತದೆ. ಹಾಗೇ, ಎಡಿಟ್ ಮಾಡುವಾಗ ನೀಲಿ ಛಾಯೆ ಪೂರ್ತಿ ತೆಗೆಯಬೇಡಿ. ಮಳೆಗಾಲದ ಬೆಳಕೇ ತಣ್ಣಗಿರುತ್ತದೆ. ಮಸುಕು ಬೆಳಕಿನಲ್ಲಿ ಕೂತ ವಸ್ತುವಿಗೆ ಬಿಸಿಲು ಬಳಿದ ಹಾಗೆ ಮಾಡಬಾರದು.

ಫುಕುಓಕಾ ಹನಿ · ಜುಲೈ 27, ರಾತ್ರಿ 9:30

ತಡವಾಗಿ ಬರೆಯುತ್ತಿದ್ದೇನೆ. ಮಿಡಿಮಾವು ಅಕ್ಕ ಹೇಳಿದ ಹಾಗೆ ಏಳು ಫೋಟೋ ಪ್ರಿಂಟ್ ಹಾಕಿಸಿ ಅಜ್ಜಿಗೆ ಅಂಚೆಯಲ್ಲಿ ಕಳಿಸಿದ್ದೆ. ಕೆಂಪು ಬೂಟು ಸರಿಸಿ ತೆಗೆದದ್ದನ್ನು ಕಳಿಸಲಿಲ್ಲ. ಅಜ್ಜಿ ಸರಿ ಮಾಡಿದ ಮೇಲೆ ತೆಗೆದದ್ದನ್ನು ಕಳಿಸಿದೆ.

ಇವತ್ತು ಉತ್ತರ ಬಂತು. ಒಂದು ಕಾಗದ, ಒಂದು ಫೋಟೋ. ಅವರ ಮೊಮ್ಮಗಳು ತೆಗೆದದ್ದಂತೆ. ಮಳೆಗಾಲ ಮುಗಿದಿದೆ. ಅದೇ ಹೊಸ್ತಿಲ ಮುಂದೆ ಬಿಸಿಲು. ಬೂಟುಗಳಿಲ್ಲ. ಆ ಜಾಗದಲ್ಲಿ ಅಗಲವಾದ ಬಿದಿರಿನ ತಟ್ಟೆ, ಅದರ ತುಂಬ ಒಂದಕ್ಕೊಂದು ತಾಗದ ಹಾಗೆ ಹರಡಿದ ಉಪ್ಪು ಉಮೆ. ತಟ್ಟೆಯ ಅಂಚಿನಲ್ಲಿ ಮಡಚಿಟ್ಟ ಬಟ್ಟೆ ಮತ್ತು ಬಿದಿರು ಕಡ್ಡಿ. ನಾನು ಕಾಗದದಲ್ಲಿ ಆ ಕಡ್ಡಿಯ ಫೋಟೋ ತೆಗೆಯಲಿಲ್ಲ ಅಂತ ಬರೆದಿದ್ದೆ. ಅದಕ್ಕೇ ಅಲ್ಲಿ ಇಟ್ಟಿದ್ದಾರೆ.

ಮಿಡಿಮಾವು · ಜುಲೈ 27, ರಾತ್ರಿ 9:41

ಬಟ್ಟೆ ಯಾವ ಬಣ್ಣ?

ಫುಕುಓಕಾ ಹನಿ · ಜುಲೈ 27, ರಾತ್ರಿ 9:44

ಬಿಳಿ ಅಕ್ಕ. ಅಂಚಿಗೆ ನೀಲಿ ಗೆರೆ. ನಡುವೆ ಉಮೆ ರಸದ ಹಳದಿ ಕಲೆ.